ಫಲಜ್ ಕರೆದ ಹೆಸರು

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಸಿದ್ರಾನ ಊರಿನ ಹೆಂಗಸರು ಕೊಡ ಹಿಡಿದು ಫಲಜ್‌ನ ಬಾಯಿಗೆ ಹೋಗುತ್ತಾರೆ. ಗುಡ್ಡದ ಹೊಟ್ಟೆಯೊಳಗಿನ ಸುರಂಗದಲ್ಲಿ ಹರಿದು ಬರುವ ನೀರು ಮೊದಲು ಬೆಳಕು ಕಾಣುವುದು ಅಲ್ಲೇ. ಮೊದಲ ಹತ್ತು ಹೆಜ್ಜೆಯ ನೀರು ಕುಡಿಯಲಿಕ್ಕೆ ಮಾತ್ರ. ಅಲ್ಲಿ ಕೈ ಅದ್ದಿದರೂ ಬೈಗುಳ ಗ್ಯಾರಂಟಿ. ಸ್ನಾನ, ಬಟ್ಟೆ, ಖರ್ಜೂರದ ತೋಟ ಎಲ್ಲಕ್ಕೂ ಅದರ ಕೆಳಗಿನ ನೀರು.

ಆ ದಿನ ಶಂಸಾ ಕೊಡವನ್ನು ನೆಲಕ್ಕಿಟ್ಟವಳು ತುಂಬಿಸಲೇ ಇಲ್ಲ. ಸುರಂಗದ ಕತ್ತಲಿನ ಕಡೆ ಕಿವಿಗೊಟ್ಟು ನಿಂತಳು.

"ಕೇಳಿಸ್ತಾ?"

ಎಲ್ಲರಿಗೂ ಕೇಳಿಸಿತ್ತು. ನೀರಿನ ಸದ್ದಿನ ಹಿಂದೆ, ಬಹಳ ದೂರದಿಂದ, ಒಂದು ಹೆಣ್ಣು ದನಿ ಎಳೆದೆಳೆದು ಕರೆಯುತ್ತಿತ್ತು. "ಗನಿಯಾ... ಗನಿಯಾ..."

ಗನಿಯಾ ಸತ್ತು ಮೂರು ವರ್ಷವಾಗಿತ್ತು. ಅವಳ ಗಂಡ ಹಾರಿಬ್ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಅವನು ಫಲಜ್‌ನ ವಕೀಲ. ಕೋರ್ಟಿಗೂ ಅವನಿಗೂ ಸಂಬಂಧವಿಲ್ಲ. ಊರಿನ ನೀರು ನೋಡಿಕೊಳ್ಳುವವನನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಆ ದನಿ ಅವನಿಗೆ ಹೊಸದಲ್ಲ. ವಾದಿಯಲ್ಲಿ, ಅಂದರೆ ಊರ ಪಕ್ಕದ ಒಣಹೊಳೆಯಲ್ಲಿ, ಪ್ರವಾಹ ಬಂದು ಹೋದ ಮೇಲೆ, ಎರಡು ತಿಂಗಳಿಂದ, ಹೆಂಗಸರ ಮಾತಿನ ಗದ್ದಲದ ಹಿಂದೆ ಅವನೊಬ್ಬನೇ ಕೇಳುತ್ತಿದ್ದ. ಮೊದಮೊದಲು ಎದ್ದು ಮನೆಗೆ ಹೋಗಿಬಿಡುತ್ತಿದ್ದ. ಆಮೇಲೆ, ನಿಜ ಹೇಳಬೇಕೆಂದರೆ, ಅದಕ್ಕಾಗಿಯೇ ಸಂಜೆ ಬಂದು ಕೂರುತ್ತಿದ್ದ. ಹೆಂಡತಿಯ ಹೆಸರನ್ನು ಕರೆಯುವವರು ಊರಿನಲ್ಲಿ ಮತ್ತಾರಿದ್ದರು?

"ಒಳಗಿರೋರಿಗೆ ಸಿಟ್ಟು ಬಂದಿದೆ, ಹಾರಿಬಣ್ಣ," ಎಂದಳು ಶಂಸಾ. "ನನ್ನ ಮೊಮ್ಮಗಳಿಗೆ ಎರಡನೇ ಸಲ ಗ್ಲೂಕೋಸ್ ಏರಿಸಿದ್ದಾರೆ. ಮೂರು ವರ್ಷದ್ದು, ಹಿಡಿದ್ರೆ ಮೂಳೆ ಸಿಗ್ತದೆ. ಮನೆಮನೇಲೂ ಮಕ್ಕಳಿಗೆ ಭೇದಿ. ಶುಕ್ರವಾರ ಫಲಜ್ ಹುಟ್ಟೋ ತಾಯಿಬಾವಿ ಹತ್ರ ಒಂದು ಆಡು ಕಡಿಯೋಣ."

"ನರ್ಸಮ್ಮ ಏನಂತಾಳೆ?"

"ನೀರು ಕೆಟ್ಟಿದೆ ಅಂತಾಳೆ. ನೀನೇ ತಾನೇ ಅವಳನ್ನ ಬೈದು ಕಳಿಸಿದ್ದು, ನಮ್ಮಜ್ಜ ಕುಡಿದ ನೀರು ಅಂತ."

ಹಾರಿಬ್ ನೀರಿನ ಕಡೆ ಮುಖ ತಿರುಗಿಸಿದ. ಬೈದದ್ದು ನಿಜ.

ಮರುದಿನ ಅದೇ ಹೊತ್ತಿಗೆ ಅವನು ಮಗಳ ಮನೆಗೆ ಹೋದ. ಝುವೈನಾ ಮತ್ತು ಅಳಿಯ ಸನದ್ ಗುಡ್ಡದ ಇಳಿಜಾರಿನಲ್ಲಿ, ಫಲಜ್‌ನ ಬಾಯಿಯಿಂದ ಇನ್ನೂರು ಹೆಜ್ಜೆ ಮೇಲೆ, ಹೊಸ ಮನೆ ಕಟ್ಟಿಕೊಂಡಿದ್ದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಕಹ್ವಾ ಕಾಫಿಯ ಹೂಜಿ ಬಿಸಿಯಾಗಿಯೇ ಇತ್ತು. ಬಚ್ಚಲಿನಿಂದ ದನಿ ಬಂತು.

"ಗನಿಯಾ... ಗನಿಯಾ..."

ಹಾರಿಬನ ಕಾಲು ಅಲ್ಲೇ ನಿಂತಿತು. ಝುವೈನಾ ಮಗುವಿಗೆ ಸ್ನಾನ ಮಾಡಿಸುತ್ತ ಲಾಲಿ ಹಾಡುತ್ತಿದ್ದಳು. ಮಗುವಿಗೆ ಅಜ್ಜಿಯ ಹೆಸರು. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಹೆಸರಿಟ್ಟವನೇ ಅವನು. ಆದರೂ ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಅಲ್ಲಿಯತನಕ ಬಂದಿರಲಿಲ್ಲ. ಬಹುಶಃ ಅವನಿಗೇ ಬೇಕಿರಲಿಲ್ಲ.

ಅವನು ಬಚ್ಚಲಿನ ಮೂಲೆಯ ತೂತನ್ನೇ ನೋಡಿದ. ನೀರು, ಪಕ್ಕದ ಪಾಯಖಾನೆಯ ಹೊಲಸು, ಎಲ್ಲವೂ ಹೋಗುವುದು ಕೆಳಗಿನ ಒಂದೇ ಗುಂಡಿಗೆ. ಆ ಗುಂಡಿಯನ್ನು ಯಾರೂ ತೋಡಿರಲಿಲ್ಲ. ಮನೆ ಕಟ್ಟುವಾಗ ಬಂಡೆ ಒಡೆದು ಒಡೆದು ಸನದ್ ಸೋತಿದ್ದ. ಆಗ ಹಾರಿಬನೇ ಒಂದು ಚಪ್ಪಡಿ ಎತ್ತಿಸಿ, "ಇಲ್ಲಿ ಬಾಯಿ ತೆರೆದ ಗುಂಡಿ ಇದೆಯಲ್ಲ, ಯಾಕೆ ಕಷ್ಟಪಡ್ತೀಯ? ಇದು ನೀರು ಬತ್ತಿ ಸತ್ತ ಹಳೇ ಫಲಜ್‌ದು," ಎಂದಿದ್ದ. ಅವನ ಅಪ್ಪ ಹಾಗೆ ಹೇಳಿದ್ದ. ತಳದಲ್ಲಿ ಒಣ ಕಲ್ಲು ತುಂಬಿತ್ತು, ನೀರು ಕಾಣಲಿಲ್ಲ, ಅಷ್ಟಕ್ಕೇ ನಂಬಿದ್ದ.

"ಅಪ್ಪಾ, ಯಾಕೆ ಹಂಗೆ ನಿಂತಿದೀಯ? ಕೂತ್ಕೋ," ಎಂದಳು ಝುವೈನಾ.

"ಮಗಳೇ, ನಾಳೆ ಇದೇ ಹೊತ್ತಿಗೆ ಇವಳ ಹೆಸರು ಬೇಡ. ನನ್ನ ಹೆಸರು ಹಾಡು."

"ನಿನ್ನ ಹೆಸರಿಟ್ಟು ಲಾಲಿನಾ? ಮಗು ಹೆದರ್ಕೊಂಡು ಎದ್ದು ಕೂರ್ತದೆ," ಎಂದು ನಕ್ಕಳು ಅವಳು. ಅಪ್ಪ ನಗದಿದ್ದುದನ್ನು ನೋಡಿ ಆಗಲಿ ಎಂದಳು.

ಮರುದಿನ ಹಾರಿಬ್ ಹೆಂಗಸರ ನಡುವೆಯೇ ಕೂತಿದ್ದ. ಗಾಳಿಯಿರಲಿಲ್ಲ. ಸುರಂಗದೊಳಗೆ ಮೊದಲು ಏನೋ ತೊಟ್ಟಿಕ್ಕಿದ ಸದ್ದು. ಆಮೇಲೆ ದನಿ.

"ಹಾರಿಬ್... ಹಾರಿಬ್..."

ಒಬ್ಬಳ ಕೈಯಿಂದ ಕೊಡ ಜಾರಿ ಕಲ್ಲಿಗೆ ಬಡಿಯಿತು. ಶಂಸಾ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಸತ್ತೋಳನ್ನ ಕರೆದು ಮುಗೀತು. ಈಗ ನಿನ್ನ ಕರೀತಿದೆ," ಎಂದಳು ಪಿಸುದನಿಯಲ್ಲಿ. "ಆಡು ನಾನು ಕೊಡ್ತೀನಿ, ಹಾರಿಬಣ್ಣ. ನನ್ನ ಮೊಮ್ಮಗಳಿಗೂ ಆಯ್ತು, ನಿನಗೂ ಆಯ್ತು."

ಹೇಳಿಬಿಡಬೇಕೆಂದು ಬಾಯಿ ತೆರೆದ. ಹೇಳದೆ ಎದ್ದು ಹೋದ. ತನ್ನ ಜೀವಕ್ಕೆಂದು ಆಡು ಕೊಡಲು ಬಂದವಳ ಮೊಮ್ಮಗಳಿಗೆ ಹೊಲಸು ಕುಡಿಸಿದವನು ತಾನು.

ಸನದ್‌ಗೆ ವಿಷಯ ತಿಳಿದಾಗ ಅವನು ತಲೆ ಹಿಡಿದುಕೊಂಡು ಕೂತ. ಆಮೇಲೆ ದನಿ ತಗ್ಗಿಸಿ ಹೇಳಿದ: "ಮಾವ, ಶುಕ್ರವಾರ ಅವರು ಆಡು ಕಡೀಲಿ. ನಾವು ಮೆಲ್ಲಗೆ ಗುಂಡಿ ಮುಚ್ಚಿಬಿಡೋಣ. ದನಿ ನಿಲ್ತದೆ, ಕಾಯಿಲೆನೂ ನಿಲ್ತದೆ. ಆಡಿಂದ ಆಯ್ತು ಅಂದ್ಕೋತಾರೆ. ಯಾರ ಮರ್ಯಾದೆನೂ ಹೋಗಲ್ಲ."

"ಈಗಾಗಲೇ ಒಳಗೆ ಇಳಿದದ್ದು?"

"ಹರಿದು ಹೋಗ್ತದೆ."

"ಎಲ್ಲಿಗೆ ಹರೀತದೆ, ಸನದ್? ಅವರ ಕೊಡಕ್ಕೇ ತಾನೇ?"

ಅಳಿಯ ಕೆಟ್ಟವನಲ್ಲ, ಹೆದರಿದ್ದ. ಹಾರಿಬನೂ ಹೆದರಿದ್ದ. ಅದಕ್ಕೇ ಆ ಮಾತು ಅವನಿಗೆ ಹಿತವೆನಿಸಿತು, ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಶುಕ್ರವಾರ ಊರು ಫಲಜ್‌ನ ಬಾಯಿಯಲ್ಲಿ ಸೇರಿತು. ಅಲ್ಲಿಂದ ಆಡನ್ನು ಹೊಡೆದುಕೊಂಡು ತಾಯಿಬಾವಿಗೆ ಹೋಗಬೇಕು. ಹಾರಿಬ್ ಎಲ್ಲೂ ಕಾಣಲಿಲ್ಲ. ಅವನ ಚಪ್ಪಲಿ ಮಾತ್ರ ಸುರಂಗದ ಬಾಯಲ್ಲಿದ್ದವು, ಬೆರಳ ತುದಿ ಒಳಮುಖವಾಗಿ. ಹೆಂಗಸೊಬ್ಬಳು ಅವನ್ನು ನೋಡಿ ಅಳಲು ಶುರುಮಾಡಿದಳು. ಕರೆದುಕೊಂಡೇ ಹೋಯಿತು ಎಂದರು. ಆಡು ಹಗ್ಗ ಜಗ್ಗಿ ಹಿಂದೆ ಸರಿಯಿತು.

ಆಗ ಒಳಗಿನಿಂದ ದನಿ ಬಂತು.

"ಶಂಸಾ."

ಯಾರೂ ಕದಲಲಿಲ್ಲ.

"ನಾನು ಹಾರಿಬ್. ಬದುಕಿದೀನಿ. ಆಡು ಬಿಚ್ಚಿಬಿಡು ತಾಯಿ. ಇಲ್ಲಿ ಯಾರೂ ಇಲ್ಲ. ನನ್ನ ಮಗಳ ಮನೆ ಗುಂಡಿ ಇದೆ. ಪ್ರವಾಹದಲ್ಲಿ ತಳದ ಕಲ್ಲು ಜಾರಿದೆ, ಹೊಲಸು ನೀರಿಗೆ ಬೀಳ್ತಿದೆ, ನನ್ನ ಕೈ ಮೇಲೇ ಬೀಳ್ತಿದೆ. ನೀವು ಕೇಳಿದ್ದು ಝುವೈನಾ ದನಿ. ಆ ಗುಂಡಿ ತೋರಿಸ್ದೋನು ನಾನು. ನೀರು ಮುಟ್ಟಬೇಡಿ."

ಮುಖ ನೋಡಿ ಹೇಳಲಾಗದ್ದನ್ನು ಅವನು ಕತ್ತಲಲ್ಲಿ ಹೇಳಿದ್ದ. ಎಷ್ಟೋ ಹೊತ್ತಿನ ಮೇಲೆ ಕೆಸರು ಮೆತ್ತಿಕೊಂಡು, ಗಬ್ಬು ನಾರುತ್ತ, ಮೊಣಕಾಲೂರಿ ಹೊರಬಂದ. ಅಷ್ಟರಲ್ಲಿ ಶಂಸಾ ಒಂದು ಖರ್ಜೂರದ ಗರಿ ಕಡಿದು ತಂದು ನೀರಿಗೆ ಅಡ್ಡ ಇಟ್ಟಿದ್ದಳು. ಅಡ್ಡ ಗರಿಯಿದ್ದರೆ ಆ ನೀರನ್ನು ಯಾರೂ ಮುಟ್ಟುವುದಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದು ಕೇಳಿದಳು.

"ಬುಧವಾರ."

"ಬುಧವಾರ ರಾತ್ರೀನೂ ಮಗೂಗೆ ಇದೇ ನೀರು ಕುಡಿಸಿದೀನಿ. ಗುರುವಾರಾನೂ." ಅವಳು ಕೂಗಾಡಲಿಲ್ಲ. "ಗುಂಡಿ ತೋರಿಸಿದ್ದು ಮರೆತೇನು ಹಾರಿಬಣ್ಣ. ಆ ಎರಡು ದಿನ ಮರೆಯಲ್ಲ."

ಅವಳು ಆಡಿನ ಹಗ್ಗ ಹಿಡಿದು ಮನೆಗೆ ಹೋದಳು.

ನಲವತ್ತು ದಿನ ಊರಿಗೆ ಟ್ಯಾಂಕರ್ ನೀರು ಬಂತು. ಹಾರಿಬ್ ಮತ್ತು ಸನದ್ ಗುಂಡಿಯ ಹೊಲಸು ಬಳಿದು ತೆಗೆದರು, ಕಲ್ಲು ತೊಳೆದರು, ಗಾರೆ ಹಾಕಿ ಮುಚ್ಚಿದರು. ಬಚ್ಚಲು ಒಡೆದು, ಊರಿನ ಕೆಳಗಡೆ ಬಂಡೆಯಲ್ಲಿ ಹೊಸ ಗುಂಡಿ ತೋಡಿ, ಅಲ್ಲಿಯತನಕ ಕೊಳವೆ ಎಳೆದರು. ಹಾರಿಬ್ ನರ್ಸಮ್ಮನ ಹತ್ತಿರ ತಾನೇ ಹೋಗಿ ವಾರವಾರ ಬಾಟಲಿಯಲ್ಲಿ ನೀರು ಕೊಟ್ಟು ಪರೀಕ್ಷೆ ಮಾಡಿಸಿದ. ಶಂಸಾಳ ಮೊಮ್ಮಗಳು ಗೋಡೆ ಹಿಡಿದು ನಡೆದಾಡುವಂತಾದಳು.

ನೀರು ಚೆನ್ನಾಗಿದೆ ಎಂದು ನರ್ಸಮ್ಮ ಹೇಳಿದ ಸಂಜೆ ಎಲ್ಲರೂ ಫಲಜ್‌ನ ಬಾಯಿಯಲ್ಲಿ ಸೇರಿದರು. ಮೊದಲು ಯಾರೂ ಮಾತಾಡದೆ ಕಿವಿಗೊಟ್ಟು ಕೇಳಿದರು. ಒಳಗೆ ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಉಳಿದವರು ಉಸಿರು ಬಿಟ್ಟ ಮೇಲೂ ಹಾರಿಬ್ ಮಾತ್ರ ಕಿವಿ ಅತ್ತಲೇ ಇಟ್ಟು ನಿಂತಿದ್ದ.

ಶಂಸಾ ಒಣಗಿದ ಗರಿ ಎತ್ತಿ ಪಕ್ಕಕ್ಕಿಟ್ಟಳು. ಒಂದು ಲೋಟ ನೀರು ತುಂಬಿ ಅವನ ಮುಂದೆ ಹಿಡಿದಳು.

"ಮೊದಲು ನೀನು ಕುಡಿ."

ಅವನು ಕುಡಿದು ಮುಗಿಸುವವರೆಗೂ ಅವಳು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಬಗ್ಗಿ ಕೊಡ ತುಂಬಿಸಿಕೊಂಡಳು.