ರಾಜೀವಿಯ ಕಿವಿಗೊಂದು ಆಂಪ್ಲಿ

ಸ್ಪೀಕರ್ ಕೊಂಡದ್ದು ರಾಜೀವಿ. ಆದರೆ ಅದಕ್ಕೆ ಯಾವ ಆಂಪ್ಲಿಫೈಯರ್ ಹೊಂದುತ್ತದೆ ಎಂದು ಹೇಳುವ ಅಧಿಕಾರ ಮಾತ್ರ ಊರಿನ ಗಂಡಸರಿಗೆಲ್ಲ ಹಂಚಿಹೋಗಿತ್ತು. ಪಾಣೆಮಂಗಳೂರಿನ ಅವಳ ಹೊಟೇಲಿಗೆ ಬನ್ಸ್ ತಿನ್ನಲು ಬಂದವರೂ ಒಂದೊಂದು ಸಲಹೆ ಕೊಟ್ಟು ಕೈ ತೊಳೆದು ಹೋಗುತ್ತಿದ್ದರು. ತೋಟಕ್ಕೆ ಪಂಪ್ ಸೆಟ್ ಆರಿಸಿದ ಹಾಗೆ, ವ್ಯಾಟ್ಸ್ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು ಎಂದ ಒಬ್ಬ. ಹೆಂಗಸರಿಗೆ ಮೊಬೈಲಿನ ಹಾಡು ಸಾಲದಾ ಎಂದ ಇನ್ನೊಬ್ಬನ ಚಹಾಕ್ಕೆ ಅವಳು ಅಂದು ಸಕ್ಕರೆಯನ್ನೇ ಹಾಕಿಸಲಿಲ್ಲ. ಮಂಗಳೂರಿನ ಡಾಕ್ಟರೊಬ್ಬರು ಮನೆ ಬದಲಿಸುವಾಗ ಮಾರಿದ ಎದೆಯೆತ್ತರದ ಆ ಜೋಡಿಯನ್ನು ಅವಳು ಯಾರ ಅಪ್ಪಣೆಯೂ ಇಲ್ಲದೆ ತಂದಿದ್ದಳು. ಅದು ಎಲ್ಲರಿಗೂ ಚುಚ್ಚಿತ್ತು.

ಸಲಹೆಗಾರರಲ್ಲೆಲ್ಲ ದೊಡ್ಡವನು ಅವಳ ತಮ್ಮ ಲತೇಶ. ಕತಾರಿನಲ್ಲಿ ಇದ್ದು ಬಂದವನಾದ್ದರಿಂದ ಪ್ಲಗ್ಗಿಗೆ ಹಾಕುವ ಯಾವ ವಸ್ತುವಾದರೂ ತನ್ನ ಇಲಾಖೆ ಎಂದು ಅವನು ನಂಬಿದ್ದ. ಮೂಡುಬಿದಿರೆಯಲ್ಲಿ ಅಬ್ದುಲ್ ವಹಾಬ್ ಎಂಬವರು ಇಂಥ ಸಾಮಾನು ತರಿಸಿ ಮಾರುತ್ತಾರೆ, ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ರಾಜೀವಿಯ ಗಂಡ ಮುಂಡಪ್ಪ ಹೊಟೇಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಹೋಗಿ ಬನ್ನಿ ಎಂದು ಕೈ ಬೀಸಿದ. ಮಗಳು ತೃಷಾ ಅಮ್ಮನ ಜೊತೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಸಿದ್ದಕಟ್ಟೆ ದಾಟುವಾಗ ಲತೇಶ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದ.

"ಅಕ್ಕ, ಒಂದು ಮಾತು. ನಿನ್ನ ಕಿವಿಯ ವಿಷಯ ಅಲ್ಲಿ ತೆಗೆಯುವುದು ಬೇಡ. ಬೆಳ್ತಂಗಡಿಯ ಜತ್ತಪ್ಪಣ್ಣನ ಮನೆಗೆ ಹೋಂ ಥಿಯೇಟರ್ ಹಾಕಿ ಕೊಟ್ಟದ್ದು ಈ ವಹಾಬರೇ. ಇವರಿಗೆ ಹೇಳಿದ್ದು ಬೆಳ್ತಂಗಡಿಗೆ ಮುಟ್ಟುತ್ತದೆ."

"ಮುಟ್ಟಿದರೆ?"

"ನಮ್ಮಲ್ಲಿ ಕುಲದ ಬಳಿ ಬರುವುದು ತಾಯಿಯಿಂದ ಅಲ್ವಾ. ತಾಯಿ ಕಿವುಡಿ ಅಂದ್ರೆ ಮಗಳಿಗೂ ಬರ್ತದೆ, ಅವಳ ಮಕ್ಕಳಿಗೂ ಬರ್ತದೆ ಅಂತ ಲೆಕ್ಕ ಹಾಕ್ತಾರೆ. ಭಾನುವಾರ ಮಾತು ಮುಗಿಯಲಿ, ಮತ್ತೆ ಬೇಕಾದ್ದು ಹೇಳು ಮಾರಾಯ್ತಿ."

ಜತ್ತಪ್ಪ, ವಾರಿಜಾಕ್ಷಿ ದಂಪತಿಯ ಮಗ ಮನ್ವಿತ್‌ಗೂ ತೃಷಾಳಿಗೂ ಸಂಬಂಧ ಕೂಡಿಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ಹಿರಿಯರು ಕೂತು ನಿಶ್ಚಯ ಮಾಡುವುದೊಂದು ಬಾಕಿ. ರಾಜೀವಿ ಕಿಟಕಿಯ ಹೊರಗೆ ನೋಡಿದಳು. ಸುಮ್ಮನಿರುವುದು ಅವಳಿಗೆ ಹೊಸತಲ್ಲ. ಚಿಕ್ಕವಳಿದ್ದಾಗ ಕೆಪ್ಪಟ್ರಾಯ ಬಂದು ಕೆನ್ನೆ ಊದಿ, ಜ್ವರ ಇಳಿಯುವಾಗ ಬಲಗಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಯಾರಿಗೂ ಹೇಳಬೇಡ ಎಂದು ಅಂದೇ ಅವಳ ಅಮ್ಮ ಹೇಳಿಕೊಟ್ಟಿದ್ದರು. ಹೆಣ್ಣು ನೋಡಲು ಬಂದಾಗ ಅವಳನ್ನು ಗೋಡೆಗೆ ಬಲಮಗ್ಗುಲಾಗಿ ಕೂರಿಸಿದ್ದರು. ಮುಂಡಪ್ಪನಿಗೆ ಗೊತ್ತಾದದ್ದು ಮದುವೆಯಾದ ಮೇಲೆ. ಪಾಪ, ಅವನು ಒಂದು ಮಾತೂ ಆಡದೆ ಮಂಚದಲ್ಲಿ ಎಡಕ್ಕೆ ಬಂದು ಮಲಗಿದ. ಬಲಗಡೆಯಿಂದ ಕರೆದವರಿಗೆ ಓಗೊಡದೆ ಓಗೊಡದೆ ಅವಳಿಗೆ ಗತ್ತಿನ ಹೆಂಗಸು ಎಂಬ ಹೆಸರು ಬಂತು. ಕಿವುಡಿ ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ತವರಿನವರು ಸಮಾಧಾನಪಟ್ಟುಕೊಂಡರು.

ಎಲ್ಲರೂ ವಹಾಬಾಕ ಎಂದು ಕರೆಯುವ ಅಬ್ದುಲ್ ವಹಾಬ್ ಶಾರ್ಜಾದ ಆಡಿಯೋ ಅಂಗಡಿಯೊಂದರಲ್ಲಿ ಬಹಳ ಕಾಲ ದುಡಿದು ಬಂದವರು. ಮನೆಯ ಮಾಳಿಗೆಯಲ್ಲಿ ದಪ್ಪ ಪರದೆ ಹಾಕಿ, ನೆಲಕ್ಕೆ ಜಮಖಾನ ಹಾಸಿ, ನಟ್ಟನಡುವೆ ಒಂದೇ ಒಂದು ಕುರ್ಚಿ ಇಟ್ಟಿದ್ದರು. ರಾಜೀವಿಯ ಮನೆಯಲ್ಲಿದ್ದ ಮಾದರಿಯದ್ದೇ ಸ್ಪೀಕರ್ ಜೋಡಿ ಎದುರಿಗೆ ನಿಂತಿತ್ತು. ಅವಳು ಆಂಪ್ಲಿ ಎಂದು ಬಾಯಿ ತೆರೆದದ್ದಕ್ಕೆ ಅವರ ಹುಬ್ಬು ಮೇಲೆ ಹೋಯಿತು.

"ಆಂಪ್ಲಿ ಅಂತ ಹೇಳುವುದು ಶಾಮಿಯಾನದವರು. ಇದು ಆಂಪ್ಲಿಫೈಯರ್."

ಕುರ್ಚಿಯಲ್ಲಿ ಮೊದಲು ಕೂತವನು ಲತೇಶ. ಮೊದಲನೆಯದು ಗಾಜಿನ ವಾಲ್ವುಗಳು ಕೆಂಪಗೆ ಉರಿಯುವ ಪೆಟ್ಟಿಗೆ. ನೋಡಲಿಕ್ಕೇನೋ ಚೆಂದ, ಆದರೆ ಈ ಸ್ಪೀಕರುಗಳು ಕರೆಂಟನ್ನು ಜಗ್ಗಿ ಎಳೆಯುತ್ತವೆ, ತಗ್ಗಿನ ಸ್ವರ ಬಂದಾಗ ವಾಲ್ವಿನದ್ದು ಉಸಿರು ಕಟ್ಟುತ್ತದೆ ಎಂದು ವಹಾಬಾಕ ಅವರೇ ಹೇಳಿದರು. ಎರಡನೆಯದು ಬೆಳ್ಳಿ ಬಣ್ಣದ ಭಾರದ ಪೆಟ್ಟಿಗೆ. ಎದುರಿಗೆ ಒಂದೇ ಒಂದು ತಿರುಗುವ ಗುಂಡಿ, ಅದು ಸ್ವರ ಏರಿಸಲು ಇಳಿಸಲು. ಅದನ್ನು ತೋರಿಸುವಾಗ ವಹಾಬಾಕ ಅವರ ದನಿಯೇ ಬದಲಾಯಿತು.

"ಒಳ್ಳೆಯದಕ್ಕೆ ಗುಂಡಿ ಕಡಿಮೆ. ಒಂದು ಗುಂಡಿ ಹೆಚ್ಚಾಯ್ತು ಅಂದ್ರೆ ಸ್ವರಕ್ಕೆ ಒಂದು ಕೊಳೆ ಹಿಡೀತು ಅಂತ ಲೆಕ್ಕ. ಅಕ್ಕ, ನೀವು ಕೂತು ಕೇಳಿ."

ರಾಜೀವಿ ಕೂತಳು. ಯಕ್ಷಗಾನ ಹಾಕಿ ಎಂದಳು. ಭಾಗವತರ ದನಿ ಎಡದ ಸ್ಪೀಕರಿನಿಂದ ಬೆಣ್ಣೆಯ ಹಾಗೆ ಬಂತು, ಉಸಿರೆಳೆದುಕೊಳ್ಳುವುದು ಸಹ ಕೇಳಿತು. ಅವಳಿಗೆ ಮೈ ಜುಮ್ಮೆಂದಿತು. ಚೆಂಡೆ ಇದ್ದದ್ದು ಬಲದ ಸ್ಪೀಕರಿನಲ್ಲಿ. ಅದರ ಸದ್ದು ಅವಳ ತಲೆಯನ್ನು ಸುತ್ತಿ ಎಡಗಿವಿಗೆ ಬರುವಷ್ಟರಲ್ಲಿ ಕೋಲಿನ ಚುರುಕೆಲ್ಲ ಸತ್ತು, ಪಕ್ಕದ ಮನೆಯಲ್ಲಿ ಯಾರೋ ಚಾಪೆ ಕೊಡವಿದ ಹಾಗೆ ಕೇಳಿತು. ಅಭ್ಯಾಸದಂತೆ ಕುತ್ತಿಗೆ ಬಲಕ್ಕೆ ತಿರುಗಿತು. ಹೀಗೆ ತಿರುಗಿಸಿ ತಿರುಗಿಸಿಯೇ ಅವಳ ಕುತ್ತಿಗೆಗೆ ನೋವು ಕಾಯಂ ಆಗಿತ್ತು. ಲತೇಶ ಹಿಂದೆ ನಿಂತು, "ಚೆಂಡೆ ನೋಡು ಅಕ್ಕ, ಎದೆಗೆ ಹೊಡೀತದೆ" ಎಂದ. ಹೌದು, ಚೆನ್ನಾಗುಂಟು ಎಂದು ಹೇಳಲು ಅವಳ ಬಾಯಿ ತಾನಾಗಿ ತೆರೆಯಿತು. ಆ ಬಾಯಿಯ ಮೇಲೆ ಅವಳಿಗೇ ಸಿಟ್ಟು ಬಂತು.

"ಬಲದ್ದು ಮಾತ್ರ ಜಾಸ್ತಿ ಮಾಡ್ಲಿಕ್ಕೆ ಇದರಲ್ಲಿ ಏನಾದ್ರೂ ಉಂಟಾ?"

"ಬ್ಯಾಲೆನ್ಸ್ ಗುಂಡಿಯಾ?" ವಹಾಬಾಕ ನಕ್ಕರು. "ಅದೆಲ್ಲ ಹಳೇ ಕಾಲದ್ದು. ಎರಡು ಕಿವಿ ಸರಿ ಇದ್ದವರಿಗೆ ಅದರ ಅಗತ್ಯ ಇಲ್ಲ."

ಲತೇಶ ಮಧ್ಯೆ ಬಾಯಿ ಹಾಕಿದ. "ಅಕ್ಕನಿಗೆ ಹಳೆ ರೇಡಿಯೋದ ರೂಢಿ. ಇದೇ ಇರಲಿ ವಹಾಬಾಕ, ಪ್ಯಾಕ್ ಮಾಡಿ."

ತೃಷಾ ಬಂದು ಅಮ್ಮನ ಎಡಗಡೆ ಬಗ್ಗಿದಳು. ಅವಳ ದನಿ ತಗ್ಗಿತ್ತು, ಆದರೆ ಆ ಕಿವಿಗೆ ಪಿಸುಮಾತೂ ಸಾಕು.

"ಅಮ್ಮ, ಮೊನ್ನೆ ಮನೆಗೆ ಬಂದಾಗ ಮನ್ವಿತ್ ನಿನ್ನ ಬಲಗಡೆ ಕೂತಿದ್ರು. ಏನೋ ಕೇಳಿದ್ರಂತೆ, ನೀನು ತಿರುಗಿಯೂ ನೋಡ್ಲಿಲ್ಲ. ನಿಮ್ಮ ಅಮ್ಮನಿಗೆ ನನ್ನನ್ನು ಕಂಡ್ರೆ ಆಗುವುದಿಲ್ವಾ ಅಂತ ಎರಡು ಸಲ ಕೇಳಿದ್ರು."

"ನೀನು ಏನು ಹೇಳಿದೆ?"

"ಅಮ್ಮನ ಸ್ವಭಾವವೇ ಹಾಗೆ, ಸ್ವಲ್ಪ ಗತ್ತು ಅಂತ ಹೇಳಿದೆ. ನೀವೆಲ್ಲ ಹೇಳ್ಬಾರ್ದು ಅಂತ ಹೇಳಿದ್ರಲ್ಲ."

ರಾಜೀವಿಯ ಕೆನ್ನೆಗೆ ಯಾರೋ ಬಾರಿಸಿದಂತಾಯಿತು. ತನ್ನ ಅಮ್ಮ ತನ್ನ ಬಾಯಿಗೆ ಹಾಕಿದ ಬೀಗವನ್ನು ತಾನು ಮಗಳ ಬಾಯಿಗೆ ಹಾಕಿದ್ದಳು. ಇನ್ನೂ ಮದುವೆಯಾಗದ ಹುಡುಗಿ, ಗಂಡನಾಗುವವನಿಗೆ ಹೇಳಿದ ಮೊದಲ ಸುಳ್ಳು ತಾಯಿಯ ಕಿವಿಯದ್ದು. ಇದಕ್ಕಾಗಿಯಾ ಇಷ್ಟೆಲ್ಲ ಮುಚ್ಚಿಟ್ಟದ್ದು ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಕೋಪ ಬಂತು, ಹೊಟೇಲಿನಲ್ಲಿ ಹಳಸಿದ ಸಾಂಬಾರು ಕಂಡಾಗ ಬರುತ್ತಿದ್ದಂಥ ಕೋಪ.

"ವಹಾಬಾಕ, ಪ್ಯಾಕ್ ಮಾಡ್ಬೇಡಿ. ನನಗೆ ಬಲಗಿವಿ ಕೇಳುವುದಿಲ್ಲ."

"ಅಕ್ಕ," ಎಂದ ಲತೇಶ.

"ಸ್ವಲ್ಪ ಕೂಡ ಕೇಳುವುದಿಲ್ಲ. ಚಿಕ್ಕಂದಿನಿಂದ. ಚೆಂಡೆ ನನಗೆ ಈ ಪೆಟ್ಟಿಗೆಯಲ್ಲಿ ಸತ್ತ ಹಾಗೆ ಕೇಳ್ತದೆ. ಬ್ಯಾಲೆನ್ಸ್ ಗುಂಡಿ ಇದ್ದದ್ದು, ಈ ಸ್ಪೀಕರಿಗೆ ತಾಕತ್ತು ಸಾಲುವಂಥದ್ದು ಇದ್ರೆ ತೋರಿಸಿ. ಇಲ್ಲದಿದ್ರೆ ಇಲ್ಲ ಅಂತ ಹೇಳಿ, ಬೇರೆ ಕಡೆ ಹುಡುಕ್ತೇನೆ."

ವಹಾಬಾಕ ಒಳಗಿನ ಕೋಣೆಗೆ ಹೋಗಿ ದೂಳು ಒರೆಸುತ್ತಾ ಒಂದು ಕಪ್ಪು ಪೆಟ್ಟಿಗೆ ಹೊತ್ತು ತಂದರು. ಜಪಾನಿನದ್ದು, ಹೊಸತೇ, ಆದರೆ ಹಳೆಯ ರೀತಿಯದ್ದು. ಎದುರಿಗೆ ಸಾಲಾಗಿ ಗುಂಡಿಗಳು. ಇಂಥದ್ದನ್ನು ಕೇಳುವ ಗಿರಾಕಿಗಳಿಲ್ಲದ್ದರಿಂದ ಮೂಲೆಗೆ ಹಾಕಿದ್ದೆ ಎಂದರು. ತಾಕತ್ತಿಗೆ ಏನೂ ತೊಂದರೆಯಿಲ್ಲ, ಆದರೆ ಆ ಬೆಳ್ಳಿಯದ್ದರ ಸ್ವಚ್ಛತೆ ಇದರಲ್ಲಿ ನಿರೀಕ್ಷಿಸಬೇಡಿ ಎಂದು ಗೊಣಗಲು ಮಾತ್ರ ಮರೆಯಲಿಲ್ಲ.

ಅದೇ ಪದ್ಯ ಮತ್ತೆ ಶುರುವಾಯಿತು. ಬ್ಯಾಲೆನ್ಸ್ ತಿರುಗಿಸಲು ವಹಾಬಾಕ ಕೈ ಚಾಚಿದಾಗ ರಾಜೀವಿ ಬೇಡ ಎಂದು ತಾನೇ ಎದ್ದು ಹೋದಳು. ಗುಂಡಿಯನ್ನು ಬಲಕ್ಕೆ ತುಸು ತಿರುಗಿಸಿ ಕುರ್ಚಿಗೆ ಬಂದು ಕೇಳಿದಳು, ಸಾಲಲಿಲ್ಲ. ಮತ್ತೆ ಹೋಗಿ ಇನ್ನಷ್ಟು ತಿರುಗಿಸಿದಳು. ಈ ಸಲ ಕೂತಾಗ ಚೆಂಡೆಯ ಮೇಲೆ ಕೋಲು ಬೀಳುವುದು ಬೇರೆ, ಚರ್ಮ ಅದುರುವುದು ಬೇರೆ ಕೇಳಿತು. ಭಾಗವತರು ಏರುವಾಗ ಚೆಂಡೆ ಅವರನ್ನು ಕೆಣಕಿ ಕೆಣಕಿ ಮೇಲಕ್ಕೆ ಕರೆಯುತ್ತಿತ್ತು. ಇದನ್ನು ಎಲ್ಲರೂ ಮೊದಲಿನಿಂದ ಕೇಳುತ್ತಿದ್ದರಾ, ತನಗೊಬ್ಬಳಿಗೇ ಇಷ್ಟು ವರ್ಷ ಇದು ಇಲ್ಲದೆ ಹೋಯಿತಾ ಎಂದು ಅವಳ ಕಣ್ಣು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ. ಕುತ್ತಿಗೆ ನೆಟ್ಟಗಿತ್ತು.

"ನಮಗೆ ಸೊಟ್ಟ ಕೇಳ್ತದೆ," ಎಂದ ಲತೇಶ. "ಎಲ್ಲ ಬಲಕ್ಕೆ ಎಳೆದ ಹಾಗೆ."

"ಕೇಳಲಿ. ಇದೇ ನನಗಿರಲಿ ವಹಾಬಾಕ."

ಹಾಡು ನಿಂತಿತು. ವಹಾಬಾಕ ರಟ್ಟಿನ ಪೆಟ್ಟಿಗೆ ತರಲು ಕೆಳಗಿಳಿದರು. ಅವರ ಚಪ್ಪಲಿಯ ಸದ್ದು ಅಡಗುವವರೆಗೆ ಕಾದು ಲತೇಶ ಹಲ್ಲು ಕಚ್ಚಿ ಹೇಳಿದ, "ಒಂದು ಪೆಟ್ಟಿಗೆಗೋಸ್ಕರ ಮಗಳ ಸಂಬಂಧ ಹಾಳು ಮಾಡಿದಿ. ಸಂಜೆಯೊಳಗೆ ಬೆಳ್ತಂಗಡಿಗೆ ಮುಟ್ಟುತ್ತದೆ."

"ಸಂಜೆವರೆಗೆ ಯಾಕೆ ಕಾಯಬೇಕು, ಈಗಲೇ ನಾನೇ ಹೇಳ್ತೇನೆ," ಎಂದು ರಾಜೀವಿ ಮಗಳ ಕಡೆ ತಿರುಗಿದಳು. ಮದುವೆ ಅವಳದ್ದು. ಅವಳು ಬೇಡ ಎಂದಿದ್ದರೆ ರಾಜೀವಿ ಅಲ್ಲಿಗೇ ನಿಲ್ಲುತ್ತಿದ್ದಳು. ತೃಷಾಳ ಮುಖ ಬಿಳಿಚಿತ್ತು, ಆದರೂ ಪರ್ಸಿನಿಂದ ಫೋನ್ ತೆಗೆದಳು.

"ನನ್ನದರಿಂದ ಮಾಡು ಅಮ್ಮ. ಅವರ ಅಮ್ಮನ ನಂಬರ್ ಉಂಟು."

ರಾಜೀವಿ ಫೋನನ್ನು ಎಡಗಿವಿಗೆ ಇಟ್ಟುಕೊಂಡಳು. ಅತ್ತ ವಾರಿಜಾಕ್ಷಿ ಸಿಕ್ಕಿದರು. ಉಪಚಾರದ ಮಾತಿಗೆ ಎಡೆ ಕೊಡದೆ ರಾಜೀವಿ ನೇರ ವಿಷಯಕ್ಕೆ ಬಂದಳು. ನನಗೆ ಬಲಗಿವಿ ಕೇಳುವುದಿಲ್ಲ, ನಿಮಗೆ ಮೊದಲೇ ಹೇಳಬೇಕಿತ್ತು, ಹೇಳದೆ ಇದ್ದದ್ದು ನಮ್ಮ ತಪ್ಪು, ಮನ್ವಿತ್ ಮಾತಾಡಿದಾಗ ನಾನು ಉತ್ತರ ಕೊಡದೆ ಇದ್ದದ್ದು ಇದಕ್ಕೇ ಎಂದಳು.

"ಹುಟ್ಟಿನಿಂದ ಬಂದದ್ದಾ?" ಎಂದು ಕೇಳಿದರು ವಾರಿಜಾಕ್ಷಿ.

"ಅಲ್ಲ, ಕೆಪ್ಪಟ್ರಾಯದಲ್ಲಿ ಹೋದದ್ದು. ಹುಟ್ಟಿನಿಂದ ಬಂದಿದ್ರೂ ಇದನ್ನೇ ಹೇಳ್ತಿದ್ದೆ."

"ಆಯ್ತು ರಾಜೀವಕ್ಕ. ಮನೆಯಲ್ಲಿ ಕೇಳಿ ಹೇಳ್ತೇನೆ."

ಸಂಬಂಧದ ಮಾತಿನಲ್ಲಿ ಈ ಉತ್ತರವನ್ನು ಬೇಕಾದ ಹಾಗೆ ಅರ್ಥ ಮಾಡಿಕೊಳ್ಳಬಹುದು. ಲತೇಶ ಆಗಲೇ ತಲೆಗೆ ಕೈ ಹೊತ್ತು ಕೂತಿದ್ದ. ತೃಷಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಕೇಳಿ," ಎಂದಳು ರಾಜೀವಿ. "ಬೇಡ ಅಂತ ಆದ್ರೆ ಮಧ್ಯದವರ ಹತ್ತಿರ ಹೇಳಿ ಕಳಿಸ್ಬೇಡಿ. ನೀವೇ ಫೋನ್ ಮಾಡಿ ನನಗೆ ಹೇಳಿ. ನನಗೆ ಕೇಳಿಸ್ತದೆ."