ಅಪ್ಪೆ, ಅಮ್ಮೆ

“ನಿಮ್ಮಪ್ಪ ಎಲ್ಲವ್ರೆ, ಪುಟ್ಟಿ?” ಎಂದು ಪೊಲೀಸಿನವನು ಕೇಳಿದ್ದೇ ತಡ, ನಾಲ್ಕು ವರ್ಷದ ವಾರಿಜ ಅಡುಗೆಮನೆಯತ್ತ ಬೆರಳು ಚಾಚಿ, “ಅಪ್ಪೆ ಉಲಾಯಿ” ಎಂದಳು. ಒಳಗೆ ಎಂಬುದು ಬೆರಳಿನಿಂದಲೇ ಅವನಿಗೆ ತಿಳಿಯಿತು.

“ಅಮ್ಮ?”

“ಅಮ್ಮೆ ಆಫ್ರಿಕೊಡು.”

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ರಾಜ್ಯ ಒಂದಾದ ಮೇಲೆ ಘಟ್ಟದ ಮೇಲಿನಿಂದ ಬೆಳ್ತಂಗಡಿಗೆ ವರ್ಗವಾಗಿ ಬಂದವನಿಗೆ ಅದು ಹೇಗೆ ಗೊತ್ತಾಗಬೇಕು? ಹುಬ್ಬೇರಿಸಿ ಬರೆದುಕೊಂಡ. ಬಾಗಿಲ ಹಿಂದೆ ನಿಂತಿದ್ದ ನೀಲಾವತಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪರಗಂಡಸಿನ ಎದುರು ಬರುವುದು ಆ ಮನೆಯ ಕ್ರಮವಲ್ಲ. ಜಗಲಿಯಲ್ಲಿ ಅಣ್ಣ ಜತ್ತಪ್ಪ ಇದ್ದನಲ್ಲ, ಕನ್ನಡ ಬಲ್ಲವನು, ತಿದ್ದಿ ಹೇಳಿಯಾನು ಎಂದುಕೊಂಡಳು.

“ಮಗೀನ ಮಾತು ದಿಟವಾ ಯಜಮಾನ್ರೆ?”

ಜತ್ತಪ್ಪ ಬೊಂಡ ಕೆತ್ತಿ ಅವನ ಕೈಗಿತ್ತ. “ಮಕ್ಕಳು ಸುಳ್ಳು ಹೇಳುವುದುಂಟಾ? ಕುಡಿಯಿರಿ, ಕಕ್ಕಿಂಜೆಯಿಂದ ನಡೆದು ಬಂದದ್ದಲ್ವಾ.”

ನೀಲಾವತಿಯ ಗಂಡ ಅಣ್ಣು ನೈರೋಬಿಯ ರೈಲ್ವೆಯಲ್ಲಿ ಫಿಟ್ಟರ್. ಅವಳು ಬಸುರಿಯಾಗಿದ್ದಾಗ ಹೋದವನು. ಹೆಂಡತಿಯ ಪಾಸ್‌ಪೋರ್ಟು ಮೊದಲೇ ಮಾಡಿಸಿದ್ದ. ಮಗುವಿನದಕ್ಕೆ ಅಲ್ಲಿಂದಲೇ ಅರ್ಜಿ ಹಾಕಿದ್ದ; ಪೊಲೀಸಿನವನು ಬಂದದ್ದು ಅದರ ವಿಚಾರಣೆಗೇ. ಅದೊಂದು ಸಿಕ್ಕಿದರೆ ಮಳೆಗಾಲ ಮುಗಿದ ಕೂಡಲೇ ಬೊಂಬಾಯಿಯಿಂದ ಹಡಗು. ಅಲ್ಲಿ ಚಳಿ ಉಂಟಂತೆ ಎಂದು ಮಗುವಿಗೆ ಉಣ್ಣೆಯ ಅಂಗಿಯನ್ನೂ ತರಿಸಿಟ್ಟಿದ್ದಳು.

ಪಾಸ್‌ಪೋರ್ಟು ಬರಲಿಲ್ಲ, ಅಣ್ಣುವಿನ ಕಾಗದ ಬಂತು. ಮಗುವಿನ ತಂದೆ ನೆರಿಯ ಗ್ರಾಮದ ಮನೆಯಲ್ಲೇ ಇರುವಾಗ ಅರ್ಜಿ ಹಾಕಲು ನೀನು ಯಾರು ಎಂದು ಅಲ್ಲಿಯ ಕಚೇರಿಯವರು ಕೇಳಿದರಂತೆ. ಕೊನೆಗೆ ಅವನೂ ಕೇಳಿದ್ದ: ಮನೆಯಲ್ಲಿರುವ ಆ ತಂದೆ ಯಾರು?

“ಅಣ್ಣ, ನೀವು ಅಲ್ಲೇ ಇದ್ರಿ. ಒಂದು ಮಾತು ಹೇಳಿದ್ರೆ ಸಾಕಿತ್ತು” ಎಂದಳು ನೀಲಾವತಿ.

ಜತ್ತಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ನೀನು ಹೋಗು ಮಾರಾಯ್ತಿ, ನಾನು ಬೇಡ ಹೇಳ್ತೇನಾ? ಮಗು ಇಲ್ಲಿರ್ಲಿ. ಅಳಿಯಸಂತಾನದ ಮನೆ ಇದು, ಹೆಣ್ಣಿನಿಂದ ಮುಂದುವರಿಯುವಂಥದ್ದು. ಇರುವುದು ಒಂದೇ ಹೆಣ್ಣುಮಗು. ಅದೂ ಹಡಗು ಹತ್ತಿದ್ರೆ ಮತ್ತೆ ಯಾರುಂಟು?”

ಮುಖಕ್ಕೆ ಉಗಿಯಬೇಕೆನಿಸಿತು ಅವಳಿಗೆ. ಮನೆಯ ಯಜಮಾನ, ಉಗುಳು ನುಂಗಿಕೊಂಡಳು. ಅಂದು ತಾನು ನಕ್ಕದ್ದು ನೆನಪಾಗಿ ತನ್ನ ಮೇಲೆಯೇ ಅಸಹ್ಯವಾಯಿತು.

ಗಂಡನಿಗೆ ಎಲ್ಲವನ್ನೂ ಬಿಡಿಸಿ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ವರ್ಷ ಕಳೆಯಿತು, ಮನೆಯಲ್ಲಿ ಅಣ್ಣುವಿನ ಹೆಸರು ಏಳುವುದೂ ನಿಂತಿತು. ಆದರೂ ಪೊಲೀಸಿನವನು ಇನ್ನೊಮ್ಮೆ ಬಂದರೆ ಎಂಬ ಆಸೆ ಅವಳನ್ನು ಬಿಡಲಿಲ್ಲ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕನ್ನಡ ಕಲಿಸಿದಳು.

“ಕನ್ನಡದಲ್ಲಿ ನಾನು ಅಮ್ಮ. ಅಪ್ಪ ಅಂದ್ರೆ ಗಂಡಸು. ಗೊತ್ತಾಯ್ತಾ? ಈಗ ಹೇಳು, ನಿನ್ನ ಅಪ್ಪ ಎಲ್ಲಿದ್ದಾರೆ?”

ವಾರಿಜ ತಾಯಿಯ ಮುಖ ನೋಡಿದಳು. ಅಂಗಳದಲ್ಲಿ ಜತ್ತಪ್ಪ ಅವಳನ್ನು ಕೂರಿಸಿ ಎಳೆಯಲೆಂದು ದೊಡ್ಡದೊಂದು ಅಡಕೆಹಾಳೆ ಹಿಡಿದು ಕಾಯುತ್ತಿದ್ದ.

“ಅಲ್ಲಿ” ಎಂದು ಅವನತ್ತ ಬೆರಳು ತೋರಿಸಿ, ಮಗು ಮಡಿಲಿನಿಂದ ಜಾರಿ ಓಡಿತು. ಹಾಳೆ ಅಂಗಳದ ಉದ್ದಕ್ಕೂ ಸರ್ರೆಂದು ಸಾಗಿತು.