ಎಡಗೈ ಅತ್ತೆಯ ಹೊಲಿಗೆ ಮಷೀನು

ಗುಜರಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತೇಬಿಟ್ಟಿದ್ದ.

"ಕೊಟ್ಟು ಕೈತೊಳ್ಕೊಳ್ಳೇ ತಂಗಿ. ಹತ್ತು ಹೊಲಿಗೇಲಿ ಒಂಬತ್ತು ಹಾರಿಸತ್ತೆ. ಅದೇನು ಮಷೀನಾ, ಮಿಡತೇನಾ?" ಎಂದ ಅಣ್ಣ. ಬೀದಿಯ ಫ್ಯಾನುಗಳನ್ನೆಲ್ಲ ರಿಪೇರಿ ಮಾಡುವವನು, ಇದಕ್ಕೆ ಮೂರು ಸಲ ಹೊಸ ಭಾಗ ಹಾಕಿ, ತೆಗೆದು, ಸೋತಿದ್ದ. ಸೋತ ಸಿಟ್ಟು ಬೇರೆ.

ಹೋದಲ್ಲೆಲ್ಲ ಮರದ ಪೆಟ್ಟಿಗೆಯಲ್ಲಿ ಒಯ್ಯಬಹುದಾದ ಆ ಕೈಮಷೀನು ಸೋದರತ್ತೆಯದು. "ನನ್ನ ಪದ್ಯ ಕಿವಿಗೊಟ್ಟು ಕೇಳಿದವಳು ನೀನೊಬ್ಬಳೇ, ಇದು ನಿಂಗೇ" ಎಂದು ಕೊಟ್ಟು ಕಣ್ಣುಮುಚ್ಚಿದ್ದಳು. ಅದನ್ನು ತೂಕಕ್ಕೆ ಹಾಕುವುದೆಂದರೆ ತಂಗಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

"ಇವರು ಚಾ ಕುಡಿಯೋ ತನಕ ಬಿಡು ಅಣ್ಣ."

"ಚಾ ಬಿಸಿಯಾಗಿದ್ರೆ ನಂಗೇನೂ ಅವಸರ ಇಲ್ಲಮ್ಮ" ಎಂದು ಗುಜರಿಯವನು ಹೊಸ್ತಿಲ ಬಳಿ ಕೂತೇಬಿಟ್ಟ.

ತಂಗಿ ಬಟ್ಟೆಚೂರೊಂದನ್ನಿಟ್ಟು ಮಷೀನಿನ ಹಿಡಿ ತಿರುಗಿಸಿದಳು. ಸೂಜಿ ಹಾರುತ್ತ ಹಾರುತ್ತ ಹೋಯಿತು, ಮಾತ್ರೆ ತಪ್ಪಿದ ಪದ್ಯದ ಹಾಗೆ. ಅತ್ತೆ ಹೊಲಿಯುತ್ತಿದ್ದುದನ್ನು ನೆನೆಯುತ್ತ ತಂಗಿ ಕಣ್ಣು ಮುಚ್ಚಿದಳು. ಅತ್ತೆ ಪೂರಾ ಎಡಚಿ. ಬಲಗಡೆಯ ಹಿಡಿಯನ್ನೂ ಓರೆಯಾಗಿ ಕೂತು ಎಡಗೈಯಲ್ಲೇ ತಿರುಗಿಸುತ್ತ ಪದ್ಯ ಹೇಳುವಳು. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಪದ್ಯ ನಿಲ್ಲಿಸಿ, ಗೊಣಗುತ್ತ ಬಲಗೈ ಎತ್ತುತ್ತಿದ್ದಳು: "ಈ ಮಹಾರಾಯ್ತಿ ಹತ್ರ ನನ್ನ ಎಡಗೈ ನಡೆಯಲ್ಲ!"

ತಂಗಿ ಥಟ್ಟನೆ ಕಣ್ಣು ಬಿಟ್ಟಳು. "ಅಣ್ಣ, ದಾರ ಯಾವ ಕಡೆಯಿಂದ ಹಾಕಿದೀಯ?"

"ಎಡದಿಂದ. ಟೈಲರ್ ಅಂಗಡಿ ಕರೆಂಟ್ ಮಷೀನಿಗೆ ಹಾಕೋ ಹಾಗೇ."

"ಅತ್ತೆ ಬಲದಿಂದ ಹಾಕ್ತಿದ್ರು ಕಣೋ!"

ಅಣ್ಣ ತಿರುವುಮುರುವಾಗಿ ಕೂರಿಸಿದ್ದ ಸೂಜಿಯನ್ನು ಸಡಿಲಿಸಿ ಅರ್ಧ ಸುತ್ತು ತಿರುಗಿಸಿ ಬಿಗಿದಳು. ಬಲದಿಂದ ಎಡಕ್ಕೆ ದಾರ ನೂಕಿದಳು. ಗುಜರಿಯವನ ಹೆಗಲಿನ ಹರಿದ ಕ್ಯಾನ್ವಾಸ್ ಚೀಲವನ್ನು ಕಿತ್ತುಕೊಂಡು, ಅದರ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಸೂಜಿಯ ಕೆಳಗಿಟ್ಟಳು.

ಟಕಟಕಟಕ. ಒಂದೇ ಒಂದು ಹೊಲಿಗೆ ಹಾರಲಿಲ್ಲ.

ಗುಜರಿಯವನು ಪಟ್ಟಿಯನ್ನು ಕಾಲಡಿ ತುಳಿದು ಎರಡೂ ಕೈಯಲ್ಲಿ ಜಗ್ಗಿದ. ಅವನ ಮುಖ ಕೆಂಪಾಯಿತೇ ಹೊರತು ಹೊಲಿಗೆ ಜಗ್ಗಲಿಲ್ಲ. "ಇದನ್ನ ತೂಗೋ ತಕ್ಕಡಿ ನನ್ನ ಹತ್ರ ಇಲ್ಲಪ್ಪ" ಎಂದು ಎದ್ದ.

"ಬರಿಗೈಲಿ ಹೋಗ್ಬೇಡಿ, ತಡೀರಿ." ಅಣ್ಣ ಹಾಕಿ ತೆಗೆದ ಹೊಸ ಭಾಗಗಳ ಡಬ್ಬವನ್ನು ತಂಗಿ ತಕ್ಕಡಿಗೆ ಸುರಿದಳು.

"ಏಯ್, ಅದು..." ಎಂದ ಅಣ್ಣ ತಾನೇ ನಕ್ಕುಬಿಟ್ಟ. ತಲೆ ಕೆರೆದುಕೊಂಡು, ತನ್ನ ಹರಿದ ಅಂಗಿಯನ್ನು ಮೆಲ್ಲಗೆ ತಂದು ಮಷೀನಿನ ಪಕ್ಕದಲ್ಲಿಟ್ಟ.

ತಂಗಿ ಅಂಗಿಯನ್ನು ಎಳೆದುಕೊಂಡು ಹಿಡಿ ತಿರುಗಿಸಿದಳು. ಇಷ್ಟು ವರ್ಷ ಬರೀ ಕೇಳಿಸಿಕೊಂಡವಳು, ಅತ್ತೆಯ ಪದ್ಯವನ್ನು ಬೀದಿಗೆ ಕೇಳುವಂತೆ ಗಂಟಲೆತ್ತಿ ಹೇಳತೊಡಗಿದಳು. ಸೂಜಿ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ.